ಸಿಮೆಂಟ್ ದ್ರಾಕ್ಷಿಗೆ ನೆರಳು

ಕಲೆಗೆ ಸಾವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದವರು ವಿಜಯಪುರದ ಬೇಸಿಗೆಯಲ್ಲಿ ಮನೆಯಿಂದ ಹೊರಗೆ ಬಂದವರಿರಲಿಕ್ಕಿಲ್ಲ. ಇಲ್ಲಿ ಕೊಡೆಯ ಬಣ್ಣವೇ ನಿಲ್ಲುವುದಿಲ್ಲ, ಕಲೆಯದೇನು ಮಾತು.

ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ. ನಗರದ ಸಾರ್ವಜನಿಕ ಕಲೆಯ ಯೋಜನಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಭೂಗೋಳದ ಮಾಸ್ತರನಾಗಿ ಕರಿಹಲಗೆಯ ಮೇಲೆ ಭಾರತದ ನಕಾಶೆ ಬರೆದದ್ದೇ ನನ್ನ ಕಲಾಸೇವೆ. ಅದರಲ್ಲೂ ಶ್ರೀಲಂಕಾ ಸಾಮಾನ್ಯವಾಗಿ ಹಲಗೆಯಿಂದ ಹೊರಗೇ ಉಳಿಯುತ್ತಿತ್ತು.

ನಮ್ಮ ಮೊದಲ ಯೋಜನೆಯ ಫಲ ಅಥಣಿ ರಸ್ತೆಯ ಒಂದು ಸರ್ಕಲ್ಲಿನಲ್ಲಿ ನಿಂತಿತು: ಆಳೆತ್ತರದ ಸಿಮೆಂಟ್ ದ್ರಾಕ್ಷಿಗೊಂಚಲು. ತಿಕೋಟಾ ಕಡೆಯ ತೋಟಗಳಿಗೆ ನಗರದ ನಮಸ್ಕಾರವೆಂದು ನಾವು ಭಾವಿಸಿದ್ದೆವು. ಮಾಡಿದವನು ದಸ್ತಗೀರ. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಅವನ ಅಕ್ಷರಗಳು ಒಂದೊಂದಾಗಿ ಊರಿನ ಗೋಡೆಗಳಿಂದ ಇಳಿದುಹೋಗಿದ್ದವು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವನ ಹಸಿರು ದ್ರಾಕ್ಷಿಯೂ ಕಂದಿ ಕಪ್ಪಾಯಿತು. ಯೋಜನೆ ಪರಿಷ್ಕರಿಸಲು ಸಭೆ ಕರೆದ ಅಧ್ಯಕ್ಷರು, "ಇದನ್ನ ಕೆಡವಿ ಕಾರಂಜಿ ಮಾಡೂಣ್ರಿ" ಎಂದರು. ನೀರೆಲ್ಲಿಂದ ಎಂದು ಯಾರೂ ಕೇಳಲಿಲ್ಲ. ಅದು ಕಲೆಯ ವ್ಯಾಪ್ತಿಗೆ ಬರುವ ಪ್ರಶ್ನೆಯಲ್ಲ. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಸಂಜೆ ದಸ್ತಗೀರ ಮನೆಗೆ ಬಂದ. "ಸರ, ಮತ್ತೊಮ್ಮೆ ಬಣ್ಣಾ ನಾನ ಹಚ್ತೇನ್ರಿ."

"ಮತ್ತ ಹೋಗ್ತದಲ್ಲೋ."

"ನಾ ಬರದ ಬೋರ್ಡ್ ಎಲ್ಲಾ ಹೋಗ್ಯಾವ್ರಿ. ನಮ್ಮವ್ವ ಮುಂದಿನ ತಿಂಗಳ ಮಮದಾಪುರದಿಂದ ಬರಾಕತ್ತಾಳ. ಅಕಿಗೆ ತೋರಸಾಕ ಇದೊಂದ ಉಳದೈತ್ರಿ."

ಕಲೆಯ ನಶ್ವರತೆಯ ಬಗ್ಗೆ ಎರಡು ಮಾತು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹೆಂಡತಿ ಚಹಾ ತಂದಳು. ಅವಳು ಬಿಜ್ಜರಗಿಯವಳು, ದ್ರಾಕ್ಷಿ ತೋಟದ ಮನೆಯ ಮಗಳು.

"ಬಿಸಲಾಗ ಇಟ್ರ ಕರ್ರಗಾಗಲಾರದ ಮತ್ತೇನಾಗ್ತಾವ? ದ್ರಾಕ್ಷಿ ಒಣಗಸಾಕ ನಮ್ಮಣ್ಣ ಶೆಡ್ ಹಾಕ್ಯಾನ, ಮ್ಯಾಲ ಪರದೆ ಕಟ್ಯಾನ. ನಿಮ್ಮ ಕಮಿಟ್ಯಾಗ ಒಬ್ಬರಿಗೂ ತ್ವಾಟ ಇಲ್ಲೇನ್ರಿ?"

"ಇವು ಸಿಮೆಂಟಿನವು ಅದಾವ!"

"ಬಿಸಲಿಗೆ ಅದು ಗೊತ್ತೈತೇನು?"

ಮುಂದಿನ ಸಭೆಯಲ್ಲಿ ಇದನ್ನೇ 'ಪ್ರಾದೇಶಿಕ ಹವಾಮಾನ ಮತ್ತು ಸಾರ್ವಜನಿಕ ಕಲೆ' ಎಂಬ ಗಂಭೀರ ವಿಚಾರವಾಗಿ ಮಂಡಿಸಿದೆ. ಹೆಂಡತಿಯ ಹೆಸರು ಹೇಳಲು ಸಮಯ ಸಾಲಲಿಲ್ಲ. ಆ ವಾರ ಅಧ್ಯಕ್ಷರ ಮನೆಯ ನಲ್ಲಿಗೂ ನೀರು ಬಂದಿರಲಿಲ್ಲವಾಗಿ, ಕಾರಂಜಿಯ ಮಾತು ತಾನಾಗಿ ಬತ್ತಿತು. ದಸ್ತಗೀರ ಹೊಸ ಬಣ್ಣ ಹಚ್ಚಿದ. ಸಮಿತಿ ನಾಲ್ಕು ಕಂಬ ನೆಡಿಸಿ ಮೇಲೆ ಹಸಿರು ಪರದೆ ಕಟ್ಟಿಸಿತು.

ಮರುದಿನವೇ ಬಸ್ಸಿಗೆ ಕಾಯುವವರು ಅದರಡಿ ಸೇರಿಕೊಂಡರು. ಜನರ ಮೇಲೆ ಕಲೆಯ ಪರಿಣಾಮವನ್ನು ಅಧ್ಯಯನ ಮಾಡಲು ನಾನೂ ಒಂದು ಮಧ್ಯಾಹ್ನ ಹೋಗಿ ನಿಂತೆ. ಒಬ್ಬಾಕೆ ಸಿಮೆಂಟ್ ಎಲೆಗೆ ಕೈಚೀಲ ನೇತುಹಾಕಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಉಳಿದವರೆಲ್ಲ ಗೊಂಚಲಿಗೆ ಬೆನ್ನು ಕೊಟ್ಟು ರಸ್ತೆ ನೋಡುತ್ತಿದ್ದರು. ಇದನ್ನು ಹೇಗೆ ವರದಿ ಮಾಡಲಿ ಎಂದು ಯೋಚಿಸುತ್ತಿರುವಾಗ, ಮುದುಕಿಯೊಬ್ಬಳ ಕೈ ಹಿಡಿದು ದಸ್ತಗೀರ ಬಂದ.

"ಸರ, ತಟಗ ಸರೀರಿ. ಅವ್ವಗ ಕಾಣವಲ್ದು."

ನಾನು ಬಿಸಿಲಿಗೆ ಸರಿದೆ. ತಿಕೋಟಾ ಬಸ್ಸು ಈಗ ಅಲ್ಲೇ ನಿಲ್ಲುತ್ತದೆ.