ಚಮಚದ ಸಾಮ್ರಾಜ್ಯ

ನಾನು ನಿಂತಿದ್ದು ಭಾರತೀನಗರದಲ್ಲಿ, ನನ್ನ ಸೋದರಮಾವನ ಅಡುಗೆಮನೆ ಬಾಗಿಲಲ್ಲಿ. ಎಡಗಾಲು ಹೊಸ್ತಿಲ ಒಳಗೆ, ಬಲಗಾಲು ಹೊರಗೆ. ಕಳೆದ ಭಾನುವಾರ, ಮಧ್ಯಾಹ್ನ ಒಂದೂಕಾಲು. ಗಡಿಯಾರ ನೋಡಿಕೊಂಡೆ, ಏಕೆಂದರೆ ನಾನು ಕಂಡದ್ದನ್ನು ಯಾರೂ ನಂಬುವುದಿಲ್ಲ.

ಪ್ರಪಂಚವನ್ನು ಆಳುತ್ತಿರುವುದು ಸೈನ್ಯವೂ ಅಲ್ಲ, ಡಾಲರೂ ಅಲ್ಲ, ಚಮಚ ಎಂದು ಕಂಡುಹಿಡಿದವರು ನಮ್ಮ ಮಾವ!

"ಈ ಪರಂಗಿಯೋರು ಮೊದ್ಲು ಕೈಗೆ ಚಮಚ ಕೊಡ್ತಾರೆ ಕಣ್ಲಾ. ಆಮ್ಯಾಕೆ ಚಮಚದಲ್ಲಿ ತಿನ್ನೋ ಅಂತದ್ದೇ ಮಾರ್ತಾರೆ. ತಿಂತಾ ನೋಡಾಕೆ ಅವ್ರುದೇ ಸಿನಿಮಾ. ಕೊನೇಗೆ ಯಾರ್ ಕುಟೆ ಯಾಪಾರ, ಯಾರ್ ಕುಟೆ ಯುದ್ದ ಅಂತ ಅವ್ರೇ ಏಳ್ತಾರೆ. ಬಾಯ್ ತುಂಬಾ ಅವ್ರುದೇ ಇದ್ರೆ ನೀನು ಊಂ ಅನ್ನದೆ ಇನ್ನೇನಂದೀಯ?"

"ಚೀನಾದವರು, ಮಾವ?"

"ಅವ್ರತ್ರ ಉಣ್ಣೋ ಕಡ್ಡಿ ಐತೆ. ಅದ್ಕೇ ಯಾರ್ಗೂ ಎದ್ರಕಿಲ್ಲ."

"ನಮ್ಮ ಹತ್ತಿರ?"

"ಗಂಟ್ಲು ಐತಲ್ಲೋ!"

ಗಂಟಲು ಎಂದರೆ ರಾಗಿಮುದ್ದೆ. ಕೈಯಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಅಗಿದವನು ಮಾವನ ಪ್ರಕಾರ ಪರದೇಶಿ.

ಈ ಸಿದ್ಧಾಂತಕ್ಕೆ ಮನೆಯ ಚಮಚಗಳೆಲ್ಲ ಬಲಿಯಾದವು. ಪಕ್ಕದ ಮನೆಯ ಜಮೀಲಾ ಬೀಗೆ ಕಟ್ಟಿ ಕೊಟ್ಟುಬಿಟ್ಟರು. ಅಂದಿನಿಂದ ಅತ್ತೆ ಉಪ್ಪಿನಕಾಯಿಯನ್ನು ಸೌಟಿನಲ್ಲಿ ಬಡಿಸುತ್ತಿದ್ದರು! ಕೆಮ್ಮಿನ ಔಷಧಿ? ಅಂಗೈಯಲ್ಲಿ!

ಮಾವ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಾಗ, ರಾಗಿ ತಳಿ ನೋಡಲು ಬಂದಿದ್ದ ವಿದೇಶಿ ವಿಜ್ಞಾನಿಯೊಬ್ಬನನ್ನು ಊಟಕ್ಕೆ ಕರೆತಂದಿದ್ದರು. ಆತ ಮುದ್ದೆ ಬಾಯಿಗಿಟ್ಟು ಅಗಿಯತೊಡಗಿದ. ಮಾವ ಹೌಹಾರಿದರು.

"ಅಗೀಬ್ಯಾಡ ಕಣಪ್ಪೋ! ನುಂಗು!"

ಭಾಷೆ ತಿಳಿಯದಿದ್ದರೂ ಆತ ಬೆದರಿ ನುಂಗಿದ. ಬಸ್ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಮಾವ ನನ್ನ ಬೆನ್ನಿಗೆ ಗುದ್ದಿದರು: "ನೋಡ್ಲಾ, ಒಂದ್ ದೇಸ ಬಿತ್ತು!"

"ಯಾವ ದೇಶ, ಮಾವ?"

"ಕೇಳ್ನಿಲ್ಲ. ಆಳು ಉದ್ದ ಅವ್ನೆ, ದೊಡ್ಡದೇ ಇರ್ಬೇಕು ಬುಡು."

ಇಂಥ ಮನೆಯಲ್ಲಿ ನಾಲ್ಕು ತಿಂಗಳ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಮೇಲೇಳುವುದಿಲ್ಲ. ನುಂಗಿದರೆ ನೆತ್ತಿಗೇರುತ್ತದೆ. ಮೆತ್ತಗೆ ಕಲಸಿ, ಚಮಚದಲ್ಲಿ, ಚೆನ್ನಾಗಿ ಅಗಿದು ತಿನ್ನಿ ಎಂದರು ಡಾಕ್ಟರು. ಅತ್ತೆಗೆ ನಾಚಿಕೆ. ಯಾರೆದುರೂ ಬಾಯಿ ತೆರೆಯಲೊಲ್ಲರು. ನಾಲ್ಕು ತಿಂಗಳಲ್ಲಿ ಮೈಮೇಲಿನ ಸೀರೆ ಎರಡು ಸುತ್ತು ಹೆಚ್ಚಾಗಿತ್ತು.

ಭಾನುವಾರ ಒಂದೂಕಾಲಿಗೆ ನಾನು ಕಂಡದ್ದು ಇಷ್ಟು. ಮಾವ ನೆಲದ ಮೇಲೆ ಕೂತಿದ್ದರು, ಅತ್ತೆ ಗೋಡೆಗೊರಗಿದ್ದರು. ನಡುವೆ ಒಂದೇ ತಟ್ಟೆ, ಎರಡು ಚಮಚ. ಒಂದರಲ್ಲಿ ಮಾವ ಕಲಸಿದ ಮುದ್ದೆಯನ್ನು ಅತ್ತೆಯ ಬಾಯಿಗೆ ಹಿಡಿದರು. ಅತ್ತೆ ಮುಖ ತಿರುಗಿಸಿದರು. ಮಾವ ಇನ್ನೊಂದನ್ನು ಎತ್ತಿ, ಮುದ್ದೆಯನ್ನು ತಮ್ಮ ಬಾಯಿಗೇ ಹಾಕಿಕೊಂಡರು. ಮತ್ತು ಅಗಿದರು. ನಿಧಾನವಾಗಿ, ಎಣಿಸಬಹುದಾದಷ್ಟು ನಿಧಾನವಾಗಿ. ನಾನು ಎಣಿಸಿದೆ: ಹದಿನಾರು ಸಲ!

ಅತ್ತೆ ನೋಡಿದರು. ಅರ್ಧ ಬಾಯಲ್ಲೇ ನಕ್ಕರು. ತೊದಲುತ್ತಾ ಹೇಳಿದರು: "ದೇಸ... ಬಿತ್ತಲ್ಲ!"

"ಬೀಳ್ಲಿ ಬುಡಮ್ಮಿ. ನೀನ್ ಬಾಯ್ ತಗಿ."

ಅತ್ತೆ ಬಾಯಿ ತೆರೆದರು.

ಮಾವನನ್ನು ಕೇಳಿದರೆ ಇದೆಲ್ಲ ಸುಳ್ಳು ಎನ್ನುತ್ತಾರೆ. ಆದರೆ ನಾನಲ್ಲದೆ ಕಂಡವರು ಇನ್ನೂ ಇಬ್ಬರು ಇದ್ದಾರೆ. ಒಬ್ಬರು, ತೊಳೆದ ಚಮಚಗಳನ್ನು ಹಿಂದಕ್ಕೆ ತಂದುಕೊಟ್ಟು, ಹಿತ್ತಲ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದ ಜಮೀಲಾ ಬೀ. ಇನ್ನೊಬ್ಬರು ನಮ್ಮತ್ತೆ, ಬದುಕಿದ್ದಾರೆ, ಈಗ ದಿನಕ್ಕೆ ಅರ್ಧ ಮುದ್ದೆ ತಿನ್ನುತ್ತಾರೆ.