ಕರಡಿಗುಡ್ಡದ ಹದಿನೆಂಟು ಗುಂಡಿಗಳು

೧೯೬೧ನೇ ಇಸವಿ ಜನವರಿ ಹದಿನೇಳು, ಮಂಗಳವಾರ. ಬೆಳಗ್ಗೆ ಒಂಬತ್ತರವರೆಗೆ ಮಂಜು, ಆಮೇಲೆ ಬಿಸಿಲು. ಅರಕಲಗೂಡಿನ ಓವರ್ಸಿಯರ್ ಶಾಂತರಾಜಯ್ಯನವರ ಮೇಜಿಗೆ ಅಂದು ಆದೇಶವೊಂದು ಬಂತು: ‘ಪ್ರವಾಸಿಗಳ ಅನುಕೂಲಕ್ಕಾಗಿ ಕರಡಿಗುಡ್ಡದ ಮೇಲೆ ಹದಿನೆಂಟು ಗುಂಡಿಗಳ ಗಾಲ್ಫ್ ಮೈದಾನ ನಿರ್ಮಿಸತಕ್ಕದ್ದು. ನೋಟ ರಮಣೀಯವಾಗಿಯೂ ಆಟ ಕಠಿಣವಾಗಿಯೂ ಇರತಕ್ಕದ್ದು.’

ಶಾಂತರಾಜಯ್ಯನವರು ಹನ್ನೊಂದು ವರ್ಷದಿಂದ ಹಂಗಾಮಿ. ಇದೊಂದು ಮುಗಿಸಿಕೊಟ್ಟರೆ ಕಾಯಂ ಎಂದು ಇಂಜಿನಿಯರ್ ಸಾಹೇಬರು ಹೇಳಿದ್ದರು. ಆದ್ದರಿಂದ ಗಾಲ್ಫ್ ಎಂದರೇನೆಂದು ಕೇಳುವ ಅವಿವೇಕಕ್ಕೆ ಅವರು ಹೋಗಲಿಲ್ಲ. ಹಾಸನದ ಲೈಬ್ರರಿಯ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಓದಿದ್ದೇನೆಂಬ ಗರ್ವ ಅವರಿಗಿತ್ತು. ಗಾಲ್ಫು ಉಳಿದ ಕಾಲುಪಾಲಿನಲ್ಲಿತ್ತು.

ಆದೇಶದಲ್ಲಿ ಅಳತೆ ಇರಲಿಲ್ಲ. ಅಳತೆ ಹೇಳದ ಗುಂಡಿಗೆ ಇಲಾಖೆಯಲ್ಲಿದ್ದದ್ದು ವನಮಹೋತ್ಸವದ ಅಳತೆಯೊಂದೇ: ಉದ್ದ, ಅಗಲ, ಆಳ ಮೂರು ಮೂರು ಅಡಿ.

“ಗಿಡ ಯಾವ್ದು ಸಾ?” ಮೇಸ್ತ್ರಿ ಮಂಚಯ್ಯ ಕೇಳಿದ.

“ಗಿಡ ಅಲ್ಲಯ್ಯ, ಚೆಂಡು.”

“ನೀರ್ ಉಯ್ಯದು?”

“ಆದೇಶದಲ್ಲಿಲ್ಲ.”

“ಅಂಗಾದ್ರೆ ಚಿಗ್ರಾಕಿಲ್ಲ, ಬುಡಿ ಸಾ.”

ಇಳಿಜಾರನ್ನು ಮಾತ್ರ ಶಾಂತರಾಜಯ್ಯನವರು ಕಾಲುವೆಯ ಶಾಸ್ತ್ರದಂತೆ ಕೊಟ್ಟರು. ಗುಡ್ಡದ ನೆತ್ತಿಯ ಮೇಲೆ ಬಿದ್ದ ಹನಿ ಗುಂಡಿಗಳ ಪಕ್ಕದಲ್ಲೇ ಹರಿದು, ಎಲ್ಲೂ ನಿಲ್ಲದೆ ಬುಡದ ಹದಿನೆಂಟನೆಯದನ್ನು ಸೇರಬೇಕು.

ಉದ್ಘಾಟನೆಗೆ ಹಿರಿಯ ಸಾಹೇಬರೊಬ್ಬರು ಬಂದರು. ಬೆಂಗಳೂರಿನಲ್ಲಿ ಎಂಟು ವರ್ಷ ಆಡಿ ಒಮ್ಮೆಯೂ ಆಟ ಮುಗಿಸದವರು. ನೆತ್ತಿಯಲ್ಲಿ ನಿಂತು ಒಂದು ಏಟು ಕೊಟ್ಟರು. ಚೆಂಡು ಇಳಿಜಾರಿನಲ್ಲಿ ಉರುಳಿ ಹದಿನೇಳು ಗುಂಡಿಗಳನ್ನು ದಾಟಿ ಹದಿನೆಂಟನೆಯದಕ್ಕೆ ಬಿತ್ತು. ಮಂಚಯ್ಯ ಒಳಗಿಳಿದು ಎತ್ತಿಕೊಟ್ಟ. ಆಟ ಮುಗಿಯಿತೆಂದು ಸಾಹೇಬರು ಘೋಷಿಸಿದರು. ‘ಅತ್ಯಂತ ಕಠಿಣ’ ಎಂದು ಸಂದರ್ಶಕರ ಪುಸ್ತಕದಲ್ಲಿ ಬರೆದು ರುಜು ಹಾಕಿದರು.

ಮುಂದಿನ ತಿಂಗಳು ಲೆಕ್ಕ ತಪಾಸಣೆಯವರ ಟಿಪ್ಪಣಿ ಬಂತು: ‘ಒಂದೇ ಗುಂಡಿಯಲ್ಲಿ ಆಟ ಮುಗಿದಿರುವುದರಿಂದ ಉಳಿದ ಹದಿನೇಳು ಅನಗತ್ಯ. ತಲಾ ಐದು ರೂಪಾಯಿಯಂತೆ ಓವರ್ಸಿಯರರಿಂದ, ತಿಂಗಳಿಗೊಂದು ಗುಂಡಿಯ ಕಂತಿನಲ್ಲಿ ವಸೂಲು ಮಾಡತಕ್ಕದ್ದು.’

ಹಂಗಾಮಿ ನೌಕರರಿಂದ ಕಂತಿನಲ್ಲಿ ವಸೂಲು ಮಾಡಲು ನಿಯಮವಿರಲಿಲ್ಲ. ಇಂಜಿನಿಯರ್ ಸಾಹೇಬರು ನಿಯಮ ಮುರಿಯುವವರಲ್ಲ. ಅಂದೇ ಶಾಂತರಾಜಯ್ಯನವರನ್ನು ಕಾಯಂ ಮಾಡಿದರು. ಕಚೇರಿಗೆಲ್ಲ ಮೈಸೂರುಪಾಕು ಹಂಚಿದ್ದಾಯಿತು. ತಪಾಸಣೆಯವರು ಎರಡು ತೆಗೆದುಕೊಂಡರು.

ಸಂಬಳದ ದಿನ, ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕೂತಾಗ ಹೆಂಡತಿ ತ್ರಿಶಲಾ ಒಂದು ಮಿಳ್ಳೆ ತುಪ್ಪ ಹೆಚ್ಚಾಗಿಯೇ ಬಡಿಸಿದರು.

“ಏನೂಂದ್ರೆ, ಕಾಯಂ ಸಂಬಳ ಎಷ್ಟು ಕೊಟ್ರು?”

“ತೊಂಬತ್ತು.”

“ಹೋದ ತಿಂಗಳು ತೊಂಬತ್ತೈದು ತಂದಿದ್ರಿ.”

“ಆಗ ಹಂಗಾಮಿ ಕಣೆ.”