ಗುಳ್ಳಕ್ಕೆ ಒಬ್ಬರು ಬೇಕಾಗಿದ್ದಾರೆ

ಸಿಸಿಲಿಯಾ ಟೀಚರ ಕಂಪ್ಯೂಟರು ಶನಿವಾರ ಬೆಳಿಗ್ಗೆ ಎಂಟಕ್ಕೆ 'ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಆಫ್ ಮಾಡಬೇಡಿ' ಎಂದು ಬರೆದುಕೊಂಡು ಕುಳಿತದ್ದು ಹತ್ತು ಗಂಟೆಯಾದರೂ ಏಳಲಿಲ್ಲ. ಮರುದಿನ ಭಾನುವಾರದ ಪೂಜೆಗೆ ಚರ್ಚಿನ ಗಾಯನ ತಂಡಕ್ಕೆ ಕನ್ನಡ ಲಿಪಿಯ ಕೊಂಕಣಿ ಗೀತೆಗಳ ಹಾಳೆ ಅಚ್ಚಾಗಬೇಕಿತ್ತು. ಎರಡು ಪುಟ, ಅರವತ್ತು ಪ್ರತಿ. ಸಂಜೆ ಐದಕ್ಕೆ ತಂಡದ ಮುಖ್ಯಸ್ಥ ರಾಯ್‌ಸ್ಟನ್ ಬಂದು ಒಯ್ಯುವವನಿದ್ದ. ಟೀಚರು ಕಾಪು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ತಮ್ಮ ಹಳೆಯ ವಿದ್ಯಾರ್ಥಿ ಶಮೀರನಿಗೆ ಫೋನು ಮಾಡಿದರು.

ಶಮೀರ್ ಕೂಡಲೇ ಅಂಗಡಿಯ ಬಾಗಿಲು ಎಳೆದು ಹೊರಟ. ಟೀಚರ ಕಂಪ್ಯೂಟರು ಕೆಟ್ಟಿತೆಂಬ ಬೇಸರದಿಂದಲ್ಲ, ಸಂತೋಷದಿಂದ.

ಒಂಬತ್ತು ವರ್ಷಗಳಿಂದ ಅವನು ತನ್ನದೇ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಎಲ್ಲರ ಹತ್ತಿರ ಇರುವುದಲ್ಲ, ಬೇರೆಯೇ ಒಂದು. ಚಿಕ್ಕದಾಗಿ, ಗುಂಡಗೆ, ಈ ಊರಿನದೇ ಆಗಿರಲಿ ಎಂದು ಪಕ್ಕದ ಮಟ್ಟು ಊರಿನ ಗುಳ್ಳ ಬದನೆಯ ನೆನಪಿನಲ್ಲಿ 'ಗುಳ್ಳ' ಎಂದು ಹೆಸರಿಟ್ಟಿದ್ದ. ಇಡೀ ಪ್ರಪಂಚದಲ್ಲಿ ಗುಳ್ಳವನ್ನು ಬಳಸುವವರು ಒಬ್ಬರೇ, ಸ್ವತಃ ಶಮೀರ್. ಕಾರ್ಕಳದ ಗೆಳೆಯ ಯೋಗೀಶ್ ಒಮ್ಮೆ ಹಾಕಿಸಿಕೊಂಡವನು ಊಟದ ಹೊತ್ತಿಗೆ ತೆಗೆದಿದ್ದ. ಹೆಂಡತಿ ಶಿಫಾನಾ ಒಂದು ದಿನ ನೋಡಿ, "ಇದರಲ್ಲಿ ವಾಟ್ಸಾಪ್ ಬರುದಿಲ್ಲ, ಅಕ್ಕನ ವಿಡಿಯೋ ಕಾಲ್ ಬರುದಿಲ್ಲ. ಆನ್ ಮಾಡಿದ್ರೆ ನೀವು ಮಾತ್ರ ಬರ್ತೀರಿ, ಹಿಂದೆ ನಿಂತು ನೋಡ್ಲಿಕ್ಕೆ" ಎಂದು ಕೈಮುಗಿದಿದ್ದಳು. ಶಮೀರನಿಗೆ ಹೆಸರು ಬೇಡ, ಹಣ ಬೇಡ. ತಾನಲ್ಲದೆ ಇನ್ನೊಬ್ಬರು, ಒಬ್ಬರೇ ಒಬ್ಬರು, ಗುಳ್ಳವನ್ನು ಬಳಸಬೇಕು. ಪಾಪ, ಇಷ್ಟು ಸಣ್ಣ ಆಸೆಯೂ ಈವರೆಗೆ ಕೈಗೂಡಿರಲಿಲ್ಲ.

ಟೀಚರ ಮನೆಗೆ ಹೋದಾಗ ಪಕ್ಕದ ಮನೆಯ ಲೀಲಾಧರ ಆಗಲೇ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಿದ್ದ. ಅವನ ಮೀನಿನ ಬೋಟು ರಿಪೇರಿಗೆ ದಡ ಹತ್ತಿದ್ದರಿಂದ ಊರಿನವರಿಗೆಲ್ಲ ಸಲಹೆ ಕೊಡಲು ಅವನಿಗೆ ಬಿಡುವಿತ್ತು.

"ಟೀಚರ್, ಇವತ್ತೊಂದು ದಿನ ನನ್ನ ಗುಳ್ಳ ಹಾಕ್ಲಾ?" ಶಮೀರ್ ತಗ್ಗಿದ ದನಿಯಲ್ಲಿ ಕೇಳಿದ. "ನಿಮ್ಮ ಡಿಸ್ಕ್ ಬಿಚ್ಚಿ ಹಾಗೇ ಇಡ್ತೇನೆ, ಬೇರೆ ಡಿಸ್ಕ್ ಕೂರಿಸ್ತೇನೆ. ಒಳ್ಳೇದಾದ್ರೆ ಮುಂದೆಯೂ ಇಟ್ಟುಕೊಳ್ಳಿ."

"ಇರುವುದನ್ನು ಬಿಟ್ಟು ಅದೆಂತಕ್ಕೆ ಮಾರಾಯ?" ಎಂದ ಲೀಲಾಧರ.

"ಲೀಲಣ್ಣ, ಇದು ಮೈಕ್ರೋಕರ್ನೆಲ್. ನಡುವೆ ಇರುವ ಮುಖ್ಯ ಭಾಗ ತುಂಬಾ ಚಿಕ್ಕದು. ಪ್ರಿಂಟರ್, ಕೀಬೋರ್ಡು, ಇವನ್ನೆಲ್ಲ ನೋಡಿಕೊಳ್ಳುವವರು ಬೇರೆ ಬೇರೆ. ಒಬ್ಬ ಬಿದ್ರೆ ಅವನನ್ನು ಮಾತ್ರ ಎಬ್ಬಿಸಿದ್ರೆ ಆಯ್ತು. ನಿಮ್ಮ ಬೋಟಿನಲ್ಲಿ ಅಡುಗೆಯವ ಸಾರು ಚೆಲ್ಲಿದ್ರೆ ಇಂಜಿನ್ ನಿಲ್ಲಬಾರದು, ಅಲ್ವಾ?"

"ಇಂಜಿನ್ ನಿಲ್ಲದಿದ್ರೆ ಸಾಕಾ? ಮೀನು ಬೇಡ್ವಾ?"

ಶಮೀರ್ ಟೀಚರ ಮುಖ ನೋಡಿದ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತವನ್ನೂ ಕೊನೆಗೆ ಕಂಪ್ಯೂಟರನ್ನೂ ಕಲಿಸಿ ನಿವೃತ್ತರಾದ ಟೀಚರು ಕನ್ನಡಕ ಸರಿಮಾಡಿಕೊಂಡು, "ಹಾಕು, ನೋಡುವ" ಎಂದುಬಿಟ್ಟರು. ಶಮೀರನಿಗೆ ಕಣ್ಣು ತುಂಬಿ ಬಂತು.

ಹನ್ನೊಂದೂವರೆಗೆ ಗುಳ್ಳ ಎದ್ದು ನಿಂತಿತು. ಕನ್ನಡ ಲಿಪಿ ಚೆನ್ನಾಗಿ ಮೂಡಿತು. ಟೀಚರು ಟಕಟಕನೆ ಗೀತೆಗಳನ್ನು ಬರೆದೂ ಮುಗಿಸಿದರು. ತೊಂದರೆ ಬಂದದ್ದು ಆಮೇಲೆ. ಟೀಚರ ಹೊಸ ಪ್ರಿಂಟರನ್ನು ಗುಳ್ಳ ಗುರುತೇ ಹಿಡಿಯಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಪ್ರಪಂಚದಲ್ಲಿ ಒಂದೇ ಪ್ರಿಂಟರು. ಅದು ಕಾರ್ಕಳದಲ್ಲಿ, ಯೋಗೀಶನ ಅಂಗಡಿಯ ಮೂಲೆಯಲ್ಲಿ, ಮೇಲೊಂದು ಹೂಕುಂಡ ಹೊತ್ತು ಕುಳಿತಿತ್ತು.

"ಮಧ್ಯಾಹ್ನ ಕಳೆಯುವುದರೊಳಗೆ ತರ್ತೇನೆ ಟೀಚರ್."

"ಹೋಗಿ ಬಾ. ಅಲ್ಲಿಯವರೆಗೆ ಓದಲಿಕ್ಕೆ ಇದರ ಪುಸ್ತಕ ಏನಾದ್ರೂ ಉಂಟಾ?"

ಒಂಬತ್ತು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ! ಗುಳ್ಳದ ಕೋಡಿನ ಒಂದೊಂದು ಸಾಲನ್ನೂ ಅಚ್ಚು ಹಾಕಿಸಿ ಬೈಂಡ್ ಮಾಡಿದ್ದ ದಪ್ಪ ಪುಸ್ತಕವನ್ನು ಶಮೀರ್ ಚೀಲದಿಂದ ತೆಗೆದು, ಮಗುವನ್ನು ಕೊಡುವಂತೆ ಎರಡೂ ಕೈಗಳಲ್ಲಿ ಕೊಟ್ಟ.

ಶಿರ್ವ, ಬೆಳ್ಮಣ್ಣು ದಾಟಿ ಕಾರ್ಕಳಕ್ಕೆ ಹೋಗಿ, ಹೂಕುಂಡ ಇಳಿಸಿ, ಪ್ರಿಂಟರನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು ಬರುವಷ್ಟರಲ್ಲಿ ಮೂರು ದಾಟಿತ್ತು. ಮಂಡಿ ಮಡಚಲಾರದೆ ಕುಂಟುತ್ತ ಒಳಗೆ ಬಂದ. ಟೀಚರು ಕೆಂಪು ಪೆನ್ನು ಹಿಡಿದು ಪುಸ್ತಕದಲ್ಲಿ ಮುಳುಗಿದ್ದರು. ಕೆಂಪು ಪೆನ್ನಿಲ್ಲದೆ ಅವರಿಗೆ ಪೇಪರು ಓದಿಯೂ ಅಭ್ಯಾಸವಿರಲಿಲ್ಲ.

ಪ್ರಿಂಟರು ಗರಗರನೆ ಶುರುವಾಯಿತು. ಮೊದಲ ಪುಟ ಅರವತ್ತು ಪ್ರತಿ ಸಲೀಸಾಗಿ ಬಂತು. ಎರಡನೆಯದು ಶುರುವಾಗುವಾಗ ಕಾಗದ ಸಿಕ್ಕಿಕೊಂಡಿತು. ಪರದೆಯ ಮೇಲೆ, 'ಪ್ರಿಂಟರ್ ವಿಭಾಗ ಬಿದ್ದಿತು. ಎಬ್ಬಿಸಲಾಗಿದೆ' ಎಂದು ಕಂಡಿತು.

"ನೋಡಿ ಲೀಲಣ್ಣ, ನೋಡಿ! ಬಿದ್ದದ್ದು ಅದೊಂದೇ. ಉಳಿದದ್ದೆಲ್ಲ ನಡೀತಾ ಉಂಟು!"

ನಡೆಯುತ್ತಿತ್ತು, ನಿಜ. ಆದರೆ ಬಿದ್ದೆದ್ದ ಪ್ರಿಂಟರ್ ವಿಭಾಗಕ್ಕೆ ಹಿಂದಿನದೊಂದೂ ನೆನಪಿರಲಿಲ್ಲ. ಅದು ಹೊಸ ಹುರುಪಿನಿಂದ ಮೊದಲ ಪುಟವನ್ನೇ ಮತ್ತೆ ಅರವತ್ತು ಪ್ರತಿ ಹಾಕಿ, ಎರಡನೆಯದಕ್ಕೆ ಬರುವಾಗ ಮತ್ತೆ ಬಿತ್ತು. ಮತ್ತೆ ಎದ್ದಿತು. ಲೀಲಾಧರ ಉಪಕಾರಕ್ಕೆಂದು ಕಾಗದ ಎಳೆದದ್ದರಿಂದ ಇನ್ನೊಮ್ಮೆ ಬಿತ್ತು. ನಾಲ್ಕೂ ಮುಕ್ಕಾಲಿಗೆ ಮೊದಲ ಪುಟದ ಇನ್ನೂರ ನಲವತ್ತು ಪ್ರತಿಗಳು ಸೋಫಾದ ಮೇಲೆ ಬಿದ್ದಿದ್ದವು, ಎರಡನೆಯದರ ಒಂದೂ ಇರಲಿಲ್ಲ.

"ಮೈನ್ ಸ್ವಿಚ್ ಒಮ್ಮೆ ತೆಗೆದು ಹಾಕಿದ್ರೆ ಎಲ್ಲ ಸರಿಯಾಗ್ತದೆ," ಎಂದು ಲೀಲಾಧರ ಎದ್ದ.

"ಲೀಲಾಧರ! ಕೈ ಕಟ್ಟಿ ಕೂತ್ಕೋ!" ಟೀಚರು ಗದರಿದರು. ಐವತ್ತೆರಡು ವರ್ಷದ ಲೀಲಾಧರ ಕೈ ಕಟ್ಟಿ ಕುಳಿತ.

ಅಷ್ಟರಲ್ಲಿ ರಾಯ್‌ಸ್ಟನ್ ಬಂದು ಹಾಳೆಗಳನ್ನು ಮಗುಚಿ ನೋಡಿ, "ಎಂತ ಟೀಚರ್, ನಾಳೆ ಪ್ರವೇಶ ಗೀತೆಯನ್ನೇ ನಾಲ್ಕು ಸಲ ಹಾಡಿ ಪೂಜೆ ಮುಗಿಸುದಾ?" ಎಂದ.

ಶಮೀರನ ಮುಖ ಬಾಡಿತು. ಸಿಕ್ಕ ಒಬ್ಬರೂ ಕೈತಪ್ಪಿದರು ಎಂದುಕೊಂಡ. ಆಗ ಟೀಚರು ಪುಸ್ತಕದ ನೂರ ಹನ್ನೆರಡನೆಯ ಪುಟ ತೆಗೆದು ಕೆಂಪು ಗುರುತಿನ ಮೇಲೆ ಬೆರಳಿಟ್ಟರು. "ಇಲ್ಲಿ ನೋಡು. ಎದ್ದವನು ತಾನು ಎಲ್ಲಿ ನಿಂತಿದ್ದೆ ಅಂತ ಯಾರನ್ನೂ ಕೇಳುದಿಲ್ಲ. ಫೈಲು ನೋಡಿಕೊಳ್ಳುವವನಿಗೆ ಗೊತ್ತುಂಟು, ಅವನನ್ನು ಕೇಳಲಿ."

ಶಮೀರ್ ಕುಳಿತು ಆರು ಸಾಲು ಬರೆದ. ಪ್ರಿಂಟರ್ ವಿಭಾಗವನ್ನಷ್ಟೇ ತೆಗೆದು ಹೊಸದನ್ನು ಕೂರಿಸಿದ. ಕಂಪ್ಯೂಟರನ್ನು ಒಂದು ಸಲವೂ ಆರಿಸಲಿಲ್ಲ. ಟೀಚರು ಬರೆದದ್ದರಲ್ಲಿ ಒಂದಕ್ಷರವೂ ಅಳಿಯಲಿಲ್ಲ. ಎರಡನೆಯ ಪುಟ ಬರತೊಡಗಿತು. ನಡುವೆ ಕಾಗದ ಸಿಕ್ಕಿಕೊಂಡು ಬಿದ್ದರೂ ಎದ್ದು, ನಿಂತಲ್ಲಿಂದಲೇ ಮುಂದುವರಿಯಿತು. ಅರವತ್ತು!

"ಮೀನೂ ಸಿಕ್ಕಿತು ಮಾರಾಯ," ಲೀಲಾಧರ ಕಟ್ಟಿದ ಕೈ ಬಿಚ್ಚದೆಯೇ ಒಪ್ಪಿಕೊಂಡ.

ರಾಯ್‌ಸ್ಟನ್ ಹಾಳೆಗಳೊಂದಿಗೆ ಹೋದ ಮೇಲೆ ಶಮೀರ್ ಕೇಳಿದ. "ಹಾಗಾದ್ರೆ ಟೀಚರ್, ಗುಳ್ಳ ಇಲ್ಲೇ ಇರ್ಲಾ?"

"ತುಂಬಾ ಒಳ್ಳೆ ಕೆಲಸ ಮಾಡಿದ್ದಿ ಶಮೀರ್. ಇಂಥದ್ದನ್ನು ಮಾಡಲೇಬೇಕು. ಎಲ್ಲರೂ ಒಂದನ್ನೇ ಹಿಡಿದು ಕೂತ್ರೆ ಹೇಗೆ?" ಟೀಚರ ಕಣ್ಣುಗಳು ಹೊಳೆಯುತ್ತಿದ್ದವು. "ಆದ್ರೆ ನಡುವಿನ ಭಾಗ ಚಿಕ್ಕದು ಅಂದಿ. ಹನ್ನೊಂದು ಸಾವಿರ ಸಾಲು ಉಂಟು! ನಾಲ್ಕು ಸಾವಿರದಲ್ಲಿ ಮುಗಿಯುವ ಕೆಲಸ."

"ಕಡಿಮೆ ಮಾಡ್ತೇನೆ ಟೀಚರ್."

"ನೀನು ಬೇಡ. ಮಧ್ಯಾಹ್ನದಿಂದ ನಾನೇ ಬೇರೆ ಒಂದು ಸಿಸ್ಟಂ ಶುರು ಮಾಡಿದ್ದೇನೆ." ಅವರು ನೋಟುಪುಸ್ತಕ ಬಿಡಿಸಿ ತೋರಿಸಿದರು. ಹದಿನಾರು ಪುಟ ತುಂಬಿತ್ತು. "ಬರೀಲಿಕ್ಕೆ ನನ್ನ ಹಳೇ ಡಿಸ್ಕೇ ಬೇಕು, ಅದನ್ನು ಸರಿಮಾಡಿ ಹಾಕಿ ಹೋಗು. ಮತ್ತೆ ನನ್ನದನ್ನು ದಿನಾ ಬಳಸಿ ತಪ್ಪು ಹೇಳ್ಲಿಕ್ಕೆ ಒಬ್ಬರು ಬೇಕಲ್ಲ, ನೀನೇ ಆಗು. ಆರು ತಿಂಗಳು ಬೇಕಾಗ್ತದೆ. ಅಲ್ಲಿಯವರೆಗೆ ಗುಳ್ಳ ಮುಟ್ಟಬೇಡ. ಅದರ ತಪ್ಪೆಲ್ಲ ನಿನಗೆ ಅಭ್ಯಾಸ ಆಗಿಹೋಗಿದೆ, ಅದು ಬಿಡಬೇಕು. ಗೊತ್ತಾಯ್ತಾ?"

ಸಿಸಿಲಿಯಾ ಟೀಚರು 'ಗೊತ್ತಾಯ್ತಾ' ಎಂದು ಕೇಳಿದಾಗ ಇಲ್ಲ ಎಂದವರು ಕಾಪುವಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಆಯ್ತು ಟೀಚರ್."

ಮನೆಗೆ ಬಂದ ಗಂಡನ ಕೈಗೆ ಶಿಫಾನಾ ಚಾ ಕೊಟ್ಟು, ಮೆಲ್ಲಗೆ ಕೇಳಿದಳು. "ಒಬ್ಬರು ಸಿಕ್ಕಿದ್ರಾ?"

"ಸಿಕ್ಕಿದ್ರು."

"ಅಬ್ಬಾ! ಯಾರು?"

"ನಾನು. ಟೀಚರದ್ದಕ್ಕೆ."

"ಮತ್ತೆ ಗುಳ್ಳಕ್ಕೆ ಈಗ ಎಷ್ಟು ಜನ?"

ಶಮೀರ್ ಒಂದು ಗುಟುಕು ಚಾ ಕುಡಿದ. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ಸಂಖ್ಯೆ ಬದಲಾಗಿತ್ತು.

"ಸೊನ್ನೆ," ಎಂದ.